ಅಪ್ಪನ ಮೇಲೆ ಸಾಕ್ಷಿ ಹೇಳಿದ ಮುದುಕ

ಕಕ್ಕಿಂಜೆ
೧೨ ಜುಲೈ ೧೯೫೮

ಪ್ರೀತಿಯ ತಮ್ಮ ಅಬ್ನೇರನಿಗೆ,

ಕರ್ತನಲ್ಲಿ ನಿನ್ನ ಅಕ್ಕ ಲಿದಿಯಾಳ ವಂದನೆ. ನೀನೂ ಪ್ರಿಸ್ಕಿಲ್ಲಾಳೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮದ ಮಾತು ಆಮೇಲೆ.

ನಿನ್ನೆ ಹೆರಿಗೆ ಕೇಂದ್ರದ ಬಾಗಿಲು ಹಾಕುತ್ತಿರುವಾಗ ಮೈಮೂನಮ್ಮ ಬಂದರು. ನಮ್ಮ ರಸ್ತೆಯ ಕೊನೆಯಲ್ಲಿ ಅವರ ಮನೆ. ಮೂರು ಹೆರಿಗೆ ನಾನೇ ಮಾಡಿಸಿದ್ದೇನೆ, ಹಾಗಾಗಿ ಸಲುಗೆ ಉಂಟು. "ನರ್ಸಮ್ಮ, ಧರ್ಣಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಮ್ಮ ಜಾತಿಯ ಒಬ್ಬ ಮುದುಕರಿದ್ದಾರೆ. ಲಕ್ವ ಹೊಡೆದು ಮೈಯ ಒಂದು ಭಾಗ ಬಿದ್ದುಹೋಗಿದೆ. ಮಗ ಮರದ ಡಿಪೊದಲ್ಲಿದ್ದವ, ಘಟ್ಟ ಹತ್ತಿ ಹೋದವ ಬರಲೇ ಇಲ್ಲ. ನಾನು ಗಂಜಿ ಕೊಡ್ತೇನೆ. ಆದರೆ ಬೆನ್ನು ಹುಣ್ಣಾಗಿದೆ, ಅದು ನನ್ನಿಂದ ಆಗುವುದಿಲ್ಲ, ಒಮ್ಮೆ ಬನ್ನಿ" ಎಂದರು.

ಹೋದೆ. ಕೋಣೆಯಲ್ಲಿ ವಾಸನೆ. ಚಾಪೆಯ ಮೇಲೆ ಮುಖ ಒಂದು ಕಡೆಗೆ ಜಾರಿದ ಮುದುಕ. ನಾನು ಬಾಗಿಲಲ್ಲೇ ನಿಂತೆ. ಆ ಹುಬ್ಬನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ.

ಗಿದ್ಯೋನ, ಅಬ್ನೇರಾ. ಬಂಟ್ವಾಳದ ಸಭೆಯ ಹಿರಿಯ ಗಿದ್ಯೋನ. ನಿನಗೆ ಜ್ವರ ನೆತ್ತಿಗೇರಿ ಡಾಕ್ಟರು ಕೈಬಿಟ್ಟ ದಿನ ಅಪ್ಪ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು, ಹರಕೆಗೆ ಒಂದು ಕೋಳಿ ಹಿಡಿದುಕೊಂಡು, ಗುಡ್ಡದ ಭೂತಸ್ಥಾನಕ್ಕೆ ಹೋದದ್ದನ್ನು ಕಂಡವನು. ಕಂಡು ಸುಮ್ಮನಿರದೆ ಸಭೆಯ ಮುಂದೆ ಎದ್ದು ನಿಂತು ಹೇಳಿದವನು. ಅಪ್ಪನನ್ನು ಸಭೆಯಿಂದ ಹೊರಗೆ ಹಾಕಿಸಿದವನು. ವರ್ಷ ತುಂಬುವ ಮೊದಲು ಅಪ್ಪ ಸತ್ತಾಗ, ಸ್ಮಶಾನದ ಗೋಡೆಯ ಒಳಗೆ ಜಾಗ ಕೊಡಬಾರದೆಂದು ಗೇಟಿನಲ್ಲಿ ಕೈ ಅಡ್ಡ ಇಟ್ಟವನು.

ನಾನು ಮುಟ್ಟಲಿಲ್ಲ. ತಿರುಗಿ ಬಂದೆ. ಮೈಮೂನಮ್ಮ ಹಿಂದಿನಿಂದ ಕೇಳಿದರು: "ಯಾಕೆ ನರ್ಸಮ್ಮ, ನಿಮ್ಮವರಲ್ಲವಾ?" ಅಲ್ಲ ಎಂದೆ. "ಹಾಗಾದರೆ ಬೇಡ ಬಿಡಿ. ಹೇಗಾದರೂ ನಾನೇ ನೋಡ್ತೇನೆ" ಎಂದರು.

ಆ ಮಾತು ನಿನ್ನೆಯಿಂದ ನನ್ನನ್ನು ಕೂರಲಿಕ್ಕೆ ಬಿಡುವುದಿಲ್ಲ. ನೀನು ಉಪದೇಶಿ. ಏನು ಮಾಡಬೇಕು, ಹೇಳು.

ನಿನ್ನ ಅಕ್ಕ
ಲಿದಿಯಾ


ಮೂಡಬಿದ್ರೆ
೧೯ ಜುಲೈ ೧೯೫೮

ಕರ್ತನಲ್ಲಿ ಪ್ರಿಯಳಾದ ಅಕ್ಕನಿಗೆ,

ಅಬ್ನೇರನ ವಿಧೇಯಪೂರ್ವಕ ವಂದನೆಗಳು. ನಿನ್ನ ಪತ್ರ ಓದಿ ಮೊಣಕಾಲೂರಿ ಪ್ರಾರ್ಥಿಸಿದೆ.

ಅಕ್ಕ, ದೇವರು ನಮ್ಮನ್ನು ತನ್ನ ಸಮೀಪಕ್ಕೆ ಕರೆಯುವ ದಾರಿ ಒಂದೇ. ಅದು ವಿಧೇಯತೆ. ನಮಗೆ ಹಿತವಾದ ಆಜ್ಞೆಯನ್ನು ಪಾಲಿಸುವುದು ದೊಡ್ಡದಲ್ಲ. ಕಹಿಯಾದದ್ದನ್ನು ಪೂರ್ಣ ಹೃದಯದಿಂದ ಪಾಲಿಸಿದಾಗ ಮಾತ್ರ ನಾವು ಆತನ ಮಡಿಲಿನ ಮಕ್ಕಳಾಗುತ್ತೇವೆ. ಅರ್ಧ ವಿಧೇಯತೆಯೆಂಬುದು ಇಲ್ಲ. ಅರ್ಧ ಎಂದರೆ ಅವಿಧೇಯತೆಯೇ. ದ್ವೇಷಿಸುವವರಿಗೆ ಒಳ್ಳೆಯದನ್ನು ಮಾಡಬೇಕೆಂದು ಕರ್ತನು ಹೇಳಿದಾಗ, ಗಿದ್ಯೋನನ ಹೆಸರನ್ನು ಹೊರತುಪಡಿಸಿ ಹೇಳಲಿಲ್ಲ. ಹೋಗು, ಆ ಹುಣ್ಣುಗಳನ್ನು ತೊಳೆ. ನಿನ್ನ ಮನಸ್ಸಿನಲ್ಲಿ ಶಾಂತಿ ಹೊಳೆಯಂತೆ ಹರಿಯುವುದು.

ಮುಂದಿನ ಆದಿತ್ಯವಾರ ನಾನು ಇದೇ ವಿಷಯದ ಮೇಲೆ ಪ್ರಸಂಗ ಮಾಡಬೇಕೆಂದಿದ್ದೇನೆ. ಇಲ್ಲಿಯ ಹಿರಿಯರು ನನ್ನ ಸಭಾಪಾಲಕ ದೀಕ್ಷೆಗೆ ಶಿಫಾರಸು ಮಾಡುವ ಮಾತಾಡುತ್ತಿದ್ದಾರೆ. ಪ್ರಾರ್ಥನೆಯಲ್ಲಿ ನೆನೆಸಿಕೋ.

ಪ್ರಿಸ್ಕಿಲ್ಲಾಳ ವಂದನೆ.

ನಿನ್ನ ತಮ್ಮ
ಅಬ್ನೇರ


ಕಕ್ಕಿಂಜೆ
೨೬ ಜುಲೈ ೧೯೫೮

ಅಬ್ನೇರಾ,

ನಿನ್ನ ಪತ್ರ ಚೆನ್ನಾಗಿತ್ತು. ಅಕ್ಷರವೂ ಚೆನ್ನ, ಮಾತೂ ಚೆನ್ನ. ಇಡೀ ಪತ್ರದಲ್ಲಿ ಅಪ್ಪ ಎಂಬ ಶಬ್ದ ಒಂದು ಸಲವೂ ಇರಲಿಲ್ಲ.

ನಿನಗೆ ಆಗ ಎಂಟು ವರ್ಷ, ಜ್ವರ ಬಿಟ್ಟು ಎದ್ದು ಕೂತ ಮಗು. ಅಪ್ಪನ ಪೆಟ್ಟಿಗೆಯನ್ನು ಗೋಡೆಯ ಹೊರಗೆ, ಹೊಳೆಗೆ ಇಳಿಯುವ ಕಡೆಯಲ್ಲಿ ಇಳಿಸಿದಾಗ ಹಾಡಲು ಒಬ್ಬರೂ ಬಾಯಿ ತೆರೆಯಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಮಣ್ಣು ತುಳಿದ ತುಕ್ರಪ್ಪನೇ ಮಣ್ಣು ಎಳೆದದ್ದು. ಅಮ್ಮ ಮಾತ್ರ ಸ್ವರ ಇಲ್ಲದೆ ಏನೋ ಹಾಡುತ್ತಿದ್ದಳು. ನಾನು ನಿನ್ನ ಕೈ ಹಿಡಿದು ನಿಂತಿದ್ದೆ. ಅಪ್ಪ ಅವಿಧೇಯನಾದದ್ದು ನಿನಗಾಗಿ. ಅವನ ಮಗ ಈಗ ನನಗೆ ವಿಧೇಯತೆ ಕಲಿಸುತ್ತಾನೆ.

ಆದರೂ ಹೋದೆ. ನೀನು ಹೇಳಿದ್ದಕ್ಕಲ್ಲ. ಮೈಮೂನಮ್ಮನ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ, ಅದಕ್ಕೆ.

ಬಿಸಿನೀರು, ಡೆಟಾಲ್, ಹಳೆಯ ಮಲ್ಲಿನ ಬಟ್ಟೆ ಒಯ್ದೆ. ಮಗ್ಗುಲಿಗೆ ಹೊರಳಿಸಿ ಬೆನ್ನು ತೊಳೆದೆ. ಒಂದು ಮಾತೂ ಆಡಲಿಲ್ಲ. ಅವನು ಸುಮ್ಮನಿರುವವನಾ? ನಾಲಿಗೆ ಅರ್ಧ ಹೊರಳುತ್ತದೆ, ಆದರೆ ಅಷ್ಟೇ ಸಾಕು ಅವನಿಗೆ.

"ನೀನು ದಾನಿಯೇಲನ ಮಗಳು. ಗೊತ್ತುಂಟು ನನಗೆ. ಕ್ಷಮೆ ಕೇಳ್ತೇನೆ ಅಂತ ಕಾಯ್ತಾ ಇದ್ದೀಯಾ? ಕೇಳುವುದಿಲ್ಲ. ನಾನು ಕಂಡದ್ದನ್ನೇ ಹೇಳಿದ್ದು."

ನಾನು ಬಟ್ಟೆಯನ್ನು ಬಾಲ್ದಿಗೆ ಎಸೆದೆ. ನೀರು ಅವನ ಮುಖಕ್ಕೂ ಹಾರಿತು. ಒರೆಸಲಿಲ್ಲ.

ಹೊಳೆಯಂತೆ ಶಾಂತಿ ಹರಿಯುತ್ತದೆ ಎಂದು ಬರೆದಿದ್ದೆಯಲ್ಲ? ಮನೆಗೆ ಬಂದು ಕೈ ಎಷ್ಟು ತೊಳೆದರೂ ಸಾಕಾಗಲಿಲ್ಲ. ಅಷ್ಟೇ ಹರಿದದ್ದು.

ಲಿದಿಯಾ


ಮೂಡಬಿದ್ರೆ
೪ ಆಗಸ್ಟ್ ೧೯೫೮

ಪ್ರೀತಿಯ ಅಕ್ಕನಿಗೆ,

ಸ್ತೋತ್ರ! ಸ್ತೋತ್ರ! ನೀನು ಹೋದೆಯೆಂದು ತಿಳಿದು ಕಣ್ಣು ತುಂಬಿ ಬಂತು. ಸಿಟ್ಟಿನ ಮಾತುಗಳನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಸೈತಾನನು ಹೊರಟು ಹೋಗುವಾಗ ಬಾಗಿಲು ಬಡಿದೇ ಹೋಗುವುದು.

ನಿನ್ನೆಯ ಆರಾಧನೆಯಲ್ಲಿ ನಿನ್ನ ವಿಷಯ ಹೇಳಿದೆ. ಹೆಸರು ಹೇಳಲಿಲ್ಲ, "ಒಬ್ಬ ಸಹೋದರಿ" ಎಂದೆ. ಆದರೆ ಎಲ್ಲರಿಗೂ ತಿಳಿಯಿತು. ತನಗೆ ಕೇಡು ಮಾಡಿದವನ ಹುಣ್ಣು ತೊಳೆದು ದೇವರ ಮಡಿಲು ಸೇರಿದವಳು ಎಂದಾಗ ಹೆಂಗಸರ ಕಡೆಯಲ್ಲಿ ಅಳು ಕೇಳಿತು. ಹಿರಿಯರು ಕೈಕುಲುಕಿದರು.

ಒಂದು ಮಾತು. ಮುದುಕನ ಬಾಯಿಗೆ ಹೆಚ್ಚು ಕಿವಿ ಕೊಡಬೇಡ. ರೋಗದಿಂದ ಬುದ್ಧಿ ಚಂಚಲವಾಗಿರಬಹುದು. ಹಳೆಯದನ್ನು ಕೆದಕಿ ಪ್ರಯೋಜನವಿಲ್ಲ.

ನಿನ್ನ ತಮ್ಮ
ಅಬ್ನೇರ


ಕಕ್ಕಿಂಜೆ
೨೧ ಸೆಪ್ಟೆಂಬರ್ ೧೯೫೮

ಅಬ್ನೇರಾ,

ಇಷ್ಟು ದಿನ ಬರೆಯದಿದ್ದದ್ದು ಬೇಕೆಂದೇ. ಬರೆದರೆ ಮುಂದಿನ ಆದಿತ್ಯವಾರ ಅದೂ ಪ್ರಸಂಗವಾಗುತ್ತದೆ. ನಾನು ಯಾರ ಮಡಿಲನ್ನೂ ಸೇರಲಿಲ್ಲ. ನಿನ್ನ ಹೆಂಗಸರಿಗೆ ಹೇಳು, ಅಳು ವಾಪಸ್ಸು ತೆಗೆದುಕೊಳ್ಳಲಿ.

ದಿನಾ ಹೋಗುತ್ತೇನೆ. ಹುಣ್ಣು ಸ್ವಲ್ಪ ಒಣಗಿದೆ. ಅವನ ಬಾಯಿ ಒಣಗಿಲ್ಲ. ಮೈಮೂನಮ್ಮನ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಬಟ್ಟಲು ತಳ್ಳಿದ. ನಾನು ಕಿರುಚಿದೆ. ಅವರು ನಕ್ಕು, "ಬಿಡಿ ನರ್ಸಮ್ಮ, ತಳ್ಳುವಷ್ಟು ಬಲ ಬಂತಲ್ಲ" ಎಂದು ಇನ್ನೊಂದು ಬಟ್ಟಲು ತಂದರು.

ನಿನಗೊಂದು ವಿಷಯ ಹೇಳುತ್ತೇನೆ, ಪೀಠದಿಂದ ಹೇಳಬೇಡ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ನಾನು ಕರ್ತನ ಜೊತೆ ಜಗಳ ಮಾಡುತ್ತೇನೆ. "ಇವನ ಮಗ ಇಲ್ಲವಾ? ನಿನಗೆ ನಾನೇ ಸಿಕ್ಕಿದ್ದಾ? ಅಪ್ಪ ಗೇಟಿನ ಹೊರಗೆ ಬಿದ್ದಿದ್ದಾಗ ನೀನು ಯಾವ ಕಡೆ ಇದ್ದೆ?" ಎಂದು ಬಾಯಿಬಿಟ್ಟೇ ಕೇಳುತ್ತೇನೆ. ಇಲ್ಲಿಯ ಗಾಡಿಯವ ಮೂಸಾ ಎತ್ತುಗಳನ್ನು ನಿಲ್ಲಿಸಿ, "ಯಾರ ಹತ್ರ ಮಾತಾಡ್ತೀರಿ ನರ್ಸಮ್ಮ?" ಎಂದು ಕೇಳಿದ. ಮೊದಲೆಲ್ಲ ನನ್ನ ಪ್ರಾರ್ಥನೆ ಎಂದರೆ ದೂರದ ಊರಿನ ಕಲೆಕ್ಟರಿಗೆ ಅರ್ಜಿ ಹಾಕಿದ ಹಾಗಿತ್ತು. ಈಗ ಒಂದೇ ಮನೆಯೊಳಗಿರುವವರು ಜಗಳವಾಡಿದ ಹಾಗೆ ಆಗಿದೆ. ಉತ್ತರ ಬರುವುದಿಲ್ಲ. ಆದರೆ ಕೇಳುವವನು ಪಕ್ಕದಲ್ಲೇ ಇದ್ದಾನೆ ಎಂಬುದರಲ್ಲಿ ಸಂಶಯ ಹೋಗಿದೆ.

ಈಗ ಮುಖ್ಯ ಮಾತು. ನನಗೆ ಬಂಟ್ವಾಳಕ್ಕೆ ವರ್ಗವಾಗಿದೆ, ಅಕ್ಟೋಬರದಲ್ಲಿ ಹೋಗಬೇಕು. ಅಲ್ಲಿ ಸಿಗುವುದು ಇನ್ನೊಬ್ಬ ನರ್ಸಿನ ಜೊತೆ ಒಂದೇ ಕೋಣೆ. ಧರ್ಣಪ್ಪನಿಗೆ ಕೋಣೆ ಬೇಕಂತೆ, ಅಡಿಕೆ ತುಂಬಲಿಕ್ಕೆ. ಮೈಮೂನಮ್ಮ ಮಗಳ ಬಾಣಂತನಕ್ಕೆ ಹೋಗುತ್ತಾರೆ. ಮಗನಿಗೆ ಬರೆದ ಪತ್ರಗಳಿಗೆ ಉತ್ತರವಿಲ್ಲ. ನಿನ್ನ ಮನೆಗೆ ಚಾವಡಿಯ ಪಕ್ಕ ಒಂದು ಕೋಣೆ ಉಂಟು. ಅವನನ್ನು ನೀನು ಇಟ್ಟುಕೋ.

ಲಿದಿಯಾ


ಮೂಡಬಿದ್ರೆ
೨೭ ಸೆಪ್ಟೆಂಬರ್ ೧೯೫೮

ಪ್ರೀತಿಯ ಅಕ್ಕನಿಗೆ,

ನಿನ್ನ ಸೂಚನೆಯನ್ನು ಪ್ರಾರ್ಥನಾಪೂರ್ವಕವಾಗಿ ಯೋಚಿಸಿದೆ. ಕಷ್ಟವೆಂದು ಕಾಣುತ್ತದೆ. ಆ ಕೋಣೆಯಲ್ಲಿ ಸಭೆಯ ಬೆಂಚುಗಳಿವೆ. ಉಪದೇಶಿಯ ಮನೆ ನನ್ನ ಸ್ವಂತದ್ದಲ್ಲ. ಹಿರಿಯರ ಒಪ್ಪಿಗೆ ಬೇಕು. ಪ್ರಿಸ್ಕಿಲ್ಲಾಳಿಗೂ ಆರೋಗ್ಯ ಅಷ್ಟಕ್ಕಷ್ಟೆ. ಮಂಗಳೂರಿನಲ್ಲಿ ಅನಾಥ ಮುದುಕರನ್ನು ನೋಡಿಕೊಳ್ಳುವವರು ಇದ್ದಾರಂತೆ, ವಿಚಾರಿಸುತ್ತೇನೆ. ಜನವರಿಯ ನಂತರವಾದರೆ ನೋಡಬಹುದಿತ್ತು. ದೀಕ್ಷೆಯ ತೀರ್ಮಾನ ಡಿಸೆಂಬರದಲ್ಲಿ.

ಒಬ್ಬೊಬ್ಬರಿಗೆ ದೇವರು ಒಂದೊಂದು ಸೇವೆ ಕೊಟ್ಟಿದ್ದಾನೆ, ಅಕ್ಕ. ನಿನಗೆ ಇದನ್ನು ಕೊಟ್ಟ.

ಅಬ್ನೇರ


ಕಕ್ಕಿಂಜೆ
೨ ಅಕ್ಟೋಬರ್ ೧೯೫೮

ಅಬ್ನೇರಾ,

ನಿನ್ನ ಪತ್ರವನ್ನು ಗಿದ್ಯೋನನಿಗೆ ಓದಿ ಹೇಳಿದೆ. ಅವನ ವಿಷಯ, ಅವನಿಗೆ ಗೊತ್ತಾಗಲಿ ಎಂದು. ಅವನು ನಕ್ಕ. ಆ ಅರ್ಧ ಬಾಯಿಯಲ್ಲಿ ನಗು ಹೇಗಿರುತ್ತದೆ ಎಂದು ನೀನು ನೋಡಬೇಕು.

"ಅಬ್ನೇರನಾ? ಅವನು ಮೂರು ವರ್ಷದ ಹಿಂದೆ ಬಂಟ್ವಾಳಕ್ಕೆ ನನ್ನ ಮನೆಗೇ ಬಂದಿದ್ದ. ಉಪದೇಶಿ ಕೆಲಸಕ್ಕೆ ಊರಿನ ಹಿರಿಯರ ಮಾತು ಬೇಕಿತ್ತಲ್ಲ. ನನ್ನ ಕೈ ಹಿಡ್ಕೊಂಡು ಹೇಳಿದ, 'ನನ್ನ ಅಪ್ಪನಿಗೆ ನೀವು ಮಾಡಿದ್ದು ಸರಿ' ಅಂತ. ನಾನು ಕೇಳಿರಲಿಲ್ಲ ಮಾರಾಯ್ತಿ. ಅವನಾಗಿಯೇ ಹೇಳಿದ."

ನಿಜವಾ?

ಬೆಂಚುಗಳ ಕತೆ ಬರೆಯಬೇಡ. ಪ್ರಿಸ್ಕಿಲ್ಲಾಳ ಹೆಸರನ್ನು ಅಡ್ಡ ಹಿಡಿಯಬೇಡ. ನಿಜವಾ, ಇಲ್ಲವಾ, ಅಷ್ಟು ಬರೆ.

ಲಿದಿಯಾ


ಮೂಡಬಿದ್ರೆ
೬ ಅಕ್ಟೋಬರ್ ೧೯೫೮

ಅಕ್ಕ,

ನಿಜ.

ಇಲ್ಲಿಯವರಿಗೆ ಅಪ್ಪನ ವಿಷಯ ಗೊತ್ತಿಲ್ಲ. ಜ್ವರದಿಂದ ತೀರಿಹೋದರು ಎಂದಿದ್ದೇನೆ. ಗಿದ್ಯೋನ ಇಲ್ಲಿಗೆ ಬಂದರೆ ಚಾವಡಿಯಲ್ಲಿ ಮಲಗಿಕೊಂಡೇ ಊರಿಗೆಲ್ಲ ಹೇಳುತ್ತಾನೆ. ಭೂತಕ್ಕೆ ಕೋಳಿ ಒಯ್ದವನ ಮಗನಿಗೆ, ಅದರಿಂದ ಬದುಕಿದ ಮಗನಿಗೆ ದೀಕ್ಷೆ ಯಾರು ಕೊಡುತ್ತಾರೆ?

ನೀನು ನನಗೆ ಯಾವಾಗಲೂ ಹೇಳುವುದು ಅಪ್ಪ ನನಗಾಗಿ ಹೋದರು ಎಂದು. ಆ ಮಾತು ನನ್ನ ಕುತ್ತಿಗೆಗೆ ಕಟ್ಟಿದ ಕಲ್ಲು. ನಾನು ಬದುಕಿದ್ದೇ ಒಂದು ಅವಿಧೇಯತೆಯಿಂದ ಎಂದಾದರೆ, ನಾನು ದೇವರ ಹತ್ತಿರ ಯಾವ ಮುಖ ಹೊತ್ತು ಹೋಗಲಿ? ಅದಕ್ಕೇ ಯಾರಿಗಿಂತಲೂ ಹೆಚ್ಚು ವಿಧೇಯನಾಗಬೇಕೆಂದು ಹೊರಟೆ. ಅಪ್ಪನಂತೆ ಆಗಬಾರದು ಎಂದು. ಸಿಟ್ಟು ನಿನಗೊಬ್ಬಳಿಗೇ ಉಂಟೆಂದು ತಿಳಿಯಬೇಡ. ನನಗೆ ಅಪ್ಪನ ಮೇಲೆ ಸಿಟ್ಟು. ನನ್ನನ್ನು ಸಾಯಲಿಕ್ಕೆ ಬಿಡದಿದ್ದಕ್ಕೆ.

ಈ ಪತ್ರ ಓದಿದ ಮೇಲೆ ನೀನು ನನಗೆ ಅಕ್ಕನಾಗಿ ಉಳಿಯುವೆಯೋ ಇಲ್ಲವೋ ಗೊತ್ತಿಲ್ಲ.

ಅಬ್ನೇರ


ಕಕ್ಕಿಂಜೆ
೮ ಅಕ್ಟೋಬರ್ ೧೯೫೮

ಅಬ್ನೇರಾ,

ಅಕ್ಕ ಎಂಬುದು ಬಿಡುವ ಕೆಲಸವಲ್ಲ. ಆದರೆ ನಿನ್ನನ್ನು ಈಗ ಎದುರು ಕಂಡರೆ ಕೆನ್ನೆಗೆ ಕೊಡುತ್ತೇನೆ.

ಅಪ್ಪನ ಹೆಗಲ ಮೇಲೆ ಕೂತು ಬದುಕಿ ಬಂದವನು, ಅದೇ ಹೆಗಲನ್ನು ಗಿದ್ಯೋನನ ಕೈಗೆ ಒಪ್ಪಿಸಿ ಬಂದೆ. ನಿನಗೆ ಕ್ಷಮೆ ನನ್ನ ಹತ್ತಿರ ಈಗ ಇಲ್ಲ. ಬಂದಾಗ ಕೊಡುತ್ತೇನೆ.

ಶನಿವಾರದ ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಬರುತ್ತೇನೆ. ಮೂಸಾ ಬೆಳ್ತಂಗಡಿಯವರೆಗೆ ಗಾಡಿಯಲ್ಲಿ ಬಿಡುತ್ತಾನೆ. ಅಲ್ಲಿಂದ ಗುರುವಾಯನಕೆರೆ, ವೇಣೂರು ಆಗಿ ಮಧ್ಯಾಹ್ನಕ್ಕೆ ಮೂಡಬಿದ್ರೆ. ನೀನು ಬಸ್ಸಿಗೆ ಬಂದು ಅವನನ್ನು ಎತ್ತಿ ಇಳಿಸಬೇಕು. ಬಾರದಿದ್ದರೆ ನಾನೇ ಇಳಿಸಿ ನಿನ್ನ ಚಾವಡಿಯಲ್ಲಿ ಮಲಗಿಸಿ ಬಂಟ್ವಾಳದ ಬಸ್ಸು ಹತ್ತುತ್ತೇನೆ.

ಇಷ್ಟು ಕಾಲ ನೀನು ಮಾತಿನಲ್ಲಿ ದೇವರ ಹತ್ತಿರ ಹೋದದ್ದು ಸಾಕು. ಒಮ್ಮೆ ಕೈಯಿಂದ ಹೋಗು.

ಲಿದಿಯಾ


ಮೂಡಬಿದ್ರೆ
೧೦ ನವೆಂಬರ್ ೧೯೫೮

ಪ್ರೀತಿಯ ಅಕ್ಕನಿಗೆ,

ಗಿದ್ಯೋನನನ್ನು ಬಸ್ಸಿನಿಂದ ಇಳಿಸುವಾಗ ನಾವಿಬ್ಬರೂ ಮಾತಾಡಲಿಲ್ಲ. ಈಗ ಬರೆಯುತ್ತೇನೆ.

ನಾನು ಹೆದರಿದ ಹಾಗೆಯೇ ಆಯಿತು. ಎರಡನೆಯ ವಾರಕ್ಕೇ ಅವನನ್ನು ನೋಡಲು ಬಂದ ಹಿರಿಯರ ಮುಂದೆ ಬಾಯಿ ಬಿಟ್ಟ. "ಇವನು ಬಂಟ್ವಾಳದ ದಾನಿಯೇಲನ ಮಗ, ಕೋಳಿ ದಾನಿಯೇಲ" ಎಂದ. ಹಿರಿಯರು ಅಂಗಳಕ್ಕೆ ಕರೆದು ಕೇಳಿದರು. "ಉಪದೇಶಿಗಳೇ, ಮುದುಕನನ್ನು ಬೇರೆ ಕಡೆ ಸಾಗಿಸಿಬಿಡಿ. ಬುದ್ಧಿ ಕೆಟ್ಟಿದೆ ಅಂತ ನಾವು ಹೇಳುವ. ಡಿಸೆಂಬರ್ ಕಳೆಯಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಹೂಂ ಎಂದೆ. ಒಳಗೆ ಬಂದರೆ ಗಿದ್ಯೋನ ಹಾಸಿಗೆ ಒದ್ದೆ ಮಾಡಿಕೊಂಡಿದ್ದ. ಪ್ರಿಸ್ಕಿಲ್ಲಾ ಬಾವಿಗೆ ಹೋಗಿದ್ದಳು. ನಾನೇ ತೊಳೆಯಬೇಕಾಯಿತು. ಅಲ್ಲಿಯವರೆಗೆ ಅವಳೇ ಮಾಡುತ್ತಿದ್ದಳು, ನಾನು ಕೋಣೆಯ ಬಾಗಿಲಲ್ಲಿ ನಿಂತು ಪ್ರಾರ್ಥನೆ ಹೇಳುತ್ತಿದ್ದೆ. ಆ ದಿನ ಬಟ್ಟೆ ಕಳಚುವಾಗ ಅವನು ಒಳ್ಳೆಯ ಕೈಯಿಂದ ಮುಖ ಮುಚ್ಚಿಕೊಂಡ. ನಾಚಿಕೆ, ಅಕ್ಕ. ಅವನಿಗೂ ನಾಚಿಕೆ ಎಂಬುದುಂಟು. ನನಗೆ ಪ್ರಾರ್ಥಿಸಲು ಒಂದು ಶಬ್ದವೂ ಬರಲಿಲ್ಲ. "ಕರ್ತನೇ, ಹಿಡ್ಕೋ" ಎಂದೆ. ಅವನನ್ನೋ ನನ್ನನ್ನೋ, ನನಗೇ ಗೊತ್ತಿಲ್ಲ.

ಕಳೆದ ವಾರದ ಆದಿತ್ಯವಾರ ಪ್ರಸಂಗದ ಹೊತ್ತಿಗೆ ಪೀಠ ಹತ್ತದೆ ಕೆಳಗೇ ನಿಂತೆ. "ನನ್ನ ತಂದೆ ದಾನಿಯೇಲ. ನನಗೆ ಜ್ವರ ಬಂದಾಗ ಭೂತಸ್ಥಾನಕ್ಕೆ ಕೋಳಿ ಒಯ್ದರು. ಸಭೆ ಅವರನ್ನು ಹೊರಗೆ ಹಾಕಿತು. ಗೋಡೆಯ ಹೊರಗೆ ಮಣ್ಣಾದರು. ನಿಮಗೆ ನಾನು ಸುಳ್ಳು ಹೇಳಿದ್ದೆ. ನನ್ನ ತಂದೆ ಮಾಡಿದ್ದು ಸರಿಯೆಂದು ಹೇಳಲಾರೆ. ಅವರನ್ನು ಅಪ್ಪ ಎಂದು ಹೇಳದೆ ಇನ್ನು ಇರಲಾರೆ" ಎಂದೆ. ಯಾರೂ ಅಳಲಿಲ್ಲ. ಯಾರೂ ಕೈಕುಲುಕಲಿಲ್ಲ. ದೀಕ್ಷೆಯ ಪಟ್ಟಿಯಿಂದ ನನ್ನ ಹೆಸರು ತೆಗೆದರೆಂದು ಮೊನ್ನೆ ತಿಳಿಯಿತು. ಉಪದೇಶಿಯಾಗಿ ಇರಬಹುದಂತೆ, ಸದ್ಯಕ್ಕೆ.

ನನಗೆ ಸಿಟ್ಟು ಬಂದಿದೆ. ಹಿರಿಯರ ಮೇಲೆ, ಗಿದ್ಯೋನನ ಮೇಲೆ, ನನ್ನ ಮೇಲೆ. ಆದರೆ ಅಪ್ಪನ ಮೇಲಿನದ್ದು ಹೋಗಿದೆ. ಎಲ್ಲಿ ಹೋಯಿತೆಂದು ಹುಡುಕುತ್ತೇನೆ, ಸಿಗುವುದಿಲ್ಲ. ಮತ್ತು ನೀನು ಬರೆದಿದ್ದೆಯಲ್ಲ, ಪಕ್ಕದಲ್ಲೇ ಇದ್ದಾನೆ ಎಂದು. ಆಗ ನನಗೆ ಅದು ಅಹಂಕಾರದ ಮಾತೆನಿಸಿತ್ತು. ಈಗ ಅನಿಸುವುದಿಲ್ಲ.

ಅಬ್ನೇರ


ಮೂಡಬಿದ್ರೆ
೧೫ ಡಿಸೆಂಬರ್ ೧೯೫೮

ಅಕ್ಕ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ಇದನ್ನು ಓದು.

ನಿನ್ನೆ ಸಂಜೆ ಕ್ರಿಸ್ಮಸ್ ಹಾಡಿನ ಅಭ್ಯಾಸ ಮುಗಿಸಿ ಬಂದು, ಗಿದ್ಯೋನನ ಕಾಲಿಗೆ ಎಣ್ಣೆ ಹಚ್ಚುತ್ತಾ ಅದನ್ನೇ ಗುನುಗುತ್ತಿದ್ದೆ. "ದಾನಿಯೇಲನ ಸ್ವರ" ಎಂದ. ನಾನು ತಲೆಯೆತ್ತಲಿಲ್ಲ. ಇನ್ನು ಕೋಳಿಯ ಮಾತು ಬರುತ್ತದೆ ಎಂದುಕೊಂಡೆ.

"ನಾನು ಕಂಡದ್ದನ್ನು ಹೇಳಿದೆ. ಕೇಳಿದ್ದನ್ನು ಹೇಳಲಿಲ್ಲ" ಎಂದ.

"ಏನು ಕೇಳಿದ್ದು?"

"ಅವನು ಗುಡ್ಡ ಹತ್ತುವಾಗ ನಾನು ಗೇರುಮರದ ಆಚೆ ಇದ್ದೆ. ಒಂದು ಕೈಯಲ್ಲಿ ಕೋಳಿ, ಹೆಗಲ ಮೇಲೆ ನೀನು. ಅಳ್ತಾ ಇದ್ದ. ಯೇಸುವೇ, ಯೇಸುವೇ ಅಂತ ಕರೀತಾ ಇದ್ದ. ಸ್ಥಾನದ ಎದುರು ಹೋಗಿ ನಿಂತ ಮೇಲೂ ಅದೇ. ಅವನ ಬಾಯಿಗೆ ಬೇರೆ ಹೆಸರು ಬರಲೇ ಇಲ್ಲ."

"ಅದನ್ನು ಯಾಕೆ ಸಭೆಯಲ್ಲಿ ಹೇಳಲಿಲ್ಲ?"

"ಹೇಳಿದ್ರೆ ಅವನನ್ನು ಬಿಟ್ಟುಬಿಡ್ತಿದ್ರು" ಎಂದ. ಮತ್ತೆ ಗೋಡೆಯ ಕಡೆ ತಿರುಗಿದ. ಕ್ಷಮೆ ಕೇಳಲಿಲ್ಲ. ರಾತ್ರಿ ಊಟ ಬೇಡವೆಂದ.

ಇವತ್ತು ಬೆಳಿಗ್ಗೆ ಅವನಿಗೆ ಗಂಜಿ ಕುಡಿಸಲು ನನ್ನ ಕೈ ಏಳಲಿಲ್ಲ. ಪ್ರಿಸ್ಕಿಲ್ಲಾ ಕುಡಿಸಿದಳು. ನಾನು ಏನು ಮಾಡಲಿ, ಅಕ್ಕ? ನಿನಗೆ ಉಪದೇಶ ಮಾಡಿದವನು ನಿನ್ನನ್ನೇ ಕೇಳುತ್ತಿದ್ದೇನೆ.

ಅಬ್ನೇರ


ಬಂಟ್ವಾಳ
೧೮ ಡಿಸೆಂಬರ್ ೧೯೫೮

ಪ್ರೀತಿಯ ತಮ್ಮ ಅಬ್ನೇರನಿಗೆ,

ನವೆಂಬರಿನ ನಿನ್ನ ಪತ್ರಕ್ಕೆ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಬರೆಯಲು ಕೂತಾಗಲೆಲ್ಲ ಅಳು ಬರುತ್ತಿತ್ತು. ಪಕ್ಕದ ನರ್ಸಿಗೆ ಯಾರು ಸತ್ತರೆಂದು ಗಾಬರಿ.

ಈ ಪತ್ರ ಓದಿ ಮಾತ್ರ ನನಗೆ ಅಳು ಬರಲಿಲ್ಲ. ಡ್ಯೂಟಿ ಬಿಟ್ಟು ಸ್ಮಶಾನಕ್ಕೆ ನಡೆದೆ. ಗೋಡೆಯ ಹೊರಗೆ ನಿಂತು, ದಾರಿಯಲ್ಲಿ ಹೋಗುವವರಿಗೆ ಕೇಳುವ ಹಾಗೆ ಬೈದೆ. ಗಿದ್ಯೋನನನ್ನು ಬೈದೆ, ಆ ಮಾತನ್ನು ಬಾಯೊಳಗೇ ಇಟ್ಟುಕೊಂಡು, ಅಮ್ಮ ಅದನ್ನು ಕೇಳದೆಯೇ ಸಾಯುವ ಹಾಗೆ ಮಾಡಿದನಲ್ಲ. ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳದ ಸಭೆಯನ್ನು ಬೈದೆ. ಅಪ್ಪನನ್ನೂ ಬೈದೆ, ಅಷ್ಟು ದೂರ ಹೋಗುವ ಬದಲು ಮನೆಯಲ್ಲೇ ಕೂತು ಕರೆಯಬಾರದಿತ್ತಾ ಎಂದು. ಕೊನೆಗೆ ಕರ್ತನ ಕಡೆ ತಿರುಗಿದೆ. "ನಿನ್ನನ್ನು ಅಷ್ಟು ಕರೆದವನನ್ನು ಯಾವ ಗೋಡೆ ನಿನ್ನಿಂದ ಹೊರಗಿಡುತ್ತದೆ?" ಎಂದು ಕೇಳಿದೆ. ಕೇಳಿದ ಕೂಡಲೇ ಉತ್ತರ ನನಗೇ ಗೊತ್ತಾಯಿತು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಏನು ಮಾಡಲಿ ಎಂದು ಕೇಳಿದ್ದೀಯ. ಗಂಜಿ ಕುಡಿಸು. ಕೈ ಏಳದಿದ್ದರೆ ಇನ್ನೊಂದು ಕೈಯಿಂದ ಎತ್ತಿ ಕುಡಿಸು. ಪ್ರೀತಿ ಬರಲಿ ಆಮೇಲೆ ಎಂದು ಕಾಯಬೇಡ, ಅಷ್ಟು ಹೊತ್ತಿಗೆ ಗಂಜಿ ತಣಿದುಹೋಗುತ್ತದೆ. ಹಾಗೆಂದು ನಗುಮುಖವನ್ನೂ ಹಾಕಬೇಡ, ಅವನಿಗೆ ಗೊತ್ತಾಗುತ್ತದೆ. ಸಿಟ್ಟಿದ್ದರೆ ಸಿಟ್ಟಿದೆ ಎಂದೇ ಹೇಳಿ ಕುಡಿಸು.

ರಜೆ ಸಿಕ್ಕಿದೆ. ಶನಿವಾರ ಬರುತ್ತೇನೆ, ಕ್ರಿಸ್ಮಸ್ ಮುಗಿಸಿ ಹೊರಡುತ್ತೇನೆ. ಹೊರಳಿಸುವ ಕ್ರಮ ನಿನಗೆ ತಿಳಿದಿರಲಿಕ್ಕಿಲ್ಲ, ಬೆನ್ನು ಮತ್ತೆ ಹುಣ್ಣಾಗಿರುತ್ತದೆ. ನಾನು ತೊಳೆಯುತ್ತೇನೆ, ನೀನು ಹಿಡಿದುಕೋ. ತೊಳೆಯುತ್ತಲೇ ಅವನ ಕಿವಿಯಲ್ಲಿ ಹೇಳಬೇಕಾದ್ದೆಲ್ಲ ಹೇಳುತ್ತೇನೆ. ಅವನು ಕ್ಷಮೆ ಕೇಳದಿದ್ದರೆ ಬೇಡ. ನಾನು ಕೊಡುವುದು ಅವನು ಕೇಳಿದ್ದಕ್ಕಲ್ಲ.

ಪೂರ್ಣ ಹೃದಯ ಬೇಕೆಂದು ನೀನು ಹಿಂದೆ ಬರೆದಾಗ ನನಗೆ ಉರಿದಿತ್ತು, ಯಾಕೆಂದರೆ ಸಿಟ್ಟನ್ನೆಲ್ಲ ಬಸಿದ ಮೇಲೆ ಉಳಿಯುವುದನ್ನು ಕೊಡಬೇಕು ಎಂದು ತಿಳಿದಿದ್ದೆ. ನಿನ್ನೆ ಹುಲ್ಲಿನ ಮೇಲೆ ಕೂತು ಆತನಿಗೆ ಹೇಳಿದೆ: ಬಸಿಯಲಿಕ್ಕೆ ನನ್ನಿಂದ ಆಗುವುದಿಲ್ಲ, ಸಿಟ್ಟು ಒಳಗೇ ಉಂಟು, ಬೇಕಾದರೆ ಅದರ ಸಮೇತ ತೆಗೆದುಕೋ. ಆತನು ಬೇಡ ಎನ್ನಲಿಲ್ಲ.

ನಿನ್ನ ಅಕ್ಕ
ಲಿದಿಯಾ